ಸಾಲವೇ ಭದ್ರತೆಯಾದಾಗ

ತಳ್ಳುಗಾಡಿಯವರು ಫುಟ್‌ಪಾತ್ ಕಬಳಿಸಿದ್ದಾರೆಂಬ ದೂರು ನಮ್ಮ ಎಲ್ಲ ನಗರಗಳಲ್ಲೂ ಇದೆ. ಅದೇ ಫುಟ್‌ಪಾತಿನ ಮೇಲೆ ನಿಲ್ಲುವ ಕಾರುಗಳ ಬಗ್ಗೆ ನಮಗೇಕೋ ಅಷ್ಟು ಸಿಟ್ಟು ಬರುವುದಿಲ್ಲ. ಇರಲಿ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದತ್ತ ಹಕ್ಕು, ಅದನ್ನು ನಿಯಂತ್ರಿಸಬಹುದೇ ಹೊರತು ಸಾರಾಸಗಟಾಗಿ ನಿರಾಕರಿಸುವಂತಿಲ್ಲ ಎಂಬರ್ಥದ ತೀರ್ಪನ್ನು ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ನೀಡಿತ್ತು. ಅದು ಕಾಯ್ದೆಯ ರೂಪ ಪಡೆಯಲು 25 ವರ್ಷ ಹಿಡಿಯಿತು.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಓದಿದರೆ ಯಾರಿಗಾದರೂ ಸಮಾಧಾನವಾಗುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಕೊಡಬೇಕು. ಜಪ್ತಿ ಮಾಡಿದ ಸರಕಿಗೆ ಪಟ್ಟಿ ಕೊಡಬೇಕು. ಹಣ್ಣು, ತರಕಾರಿಯಂಥ ಕೆಡುವ ವಸ್ತುವಾದರೆ ಕೇಳಿದ ದಿನವೇ ಮರಳಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಮಂದಿ ಚುನಾಯಿತ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರು. ಆದರೆ ಬೀದಿಯಲ್ಲಿ ನಡೆಯುವುದೇ ಬೇರೆ. ಮಂಗಳೂರಿನ ವ್ಯಾಪಾರಿಗಳು ಪಾಲಿಕೆಯ ತೆರವು ವಾಹನಕ್ಕೆ 'ಟೈಗರ್' ಎನ್ನುತ್ತಾರೆ. ಅದು ಬಂತೆಂದರೆ ಪಟ್ಟಿ ಕೇಳುವ ಧೈರ್ಯ ಯಾರಿಗಿದೆ? ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುವುದೇ ದಾರಿ.

ಇಂಥವರಿಗೆ ಸರಕಾರಗಳು ಕೊಟ್ಟದ್ದು ಮುಖ್ಯವಾಗಿ ಸಾಲ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1000 ಕಟ್ಟುವ ಮೀಟರ್ ಬಡ್ಡಿಯಿಂದ ಬಿಡಿಸಲು ಕರ್ನಾಟಕ 2018ರಲ್ಲಿ 'ಬಡವರ ಬಂಧು' ಎಂಬ ಬಡ್ಡಿರಹಿತ ಸಾಲ ತಂದಿತು. ಒಳ್ಳೆಯ ಯೋಚನೆಯೇ. ಲಾಕ್‌ಡೌನಿನಲ್ಲಿ ಬೀದಿಗಳು ಬರಿದಾದ ಮೇಲೆ, 2020ರ ಜೂನ್‌ನಲ್ಲಿ ಕೇಂದ್ರದ 'ಸ್ವನಿಧಿ' ಬಂತು. ಆರಂಭದಲ್ಲಿ 10,000 ರೂಪಾಯಿಯಿದ್ದ ಮೊದಲ ಕಂತಿನ ಸಾಲವನ್ನು 2025ರಲ್ಲಿ 15,000ಕ್ಕೆ ಏರಿಸಲಾಯಿತು. ಇವುಗಳಿಂದ ಉಪಕಾರವಾಗಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ನಾಳೆ ಗಾಡಿ ನಿಲ್ಲಿಸಲು ಜಾಗವಿದೆಯೋ ಇಲ್ಲವೋ ತಿಳಿಯದವನ ಕೈಗೆ ಸಾಲ ಕೊಟ್ಟು ಅದನ್ನೇ ಸಾಮಾಜಿಕ ಭದ್ರತೆ ಎಂದು ಕರೆಯುವುದು ಹೇಗೆ? ಜಾಗ ಹೋದರೂ ಕಂತು ನಿಲ್ಲುವುದಿಲ್ಲವಲ್ಲ!

ಪಿಂಚಣಿಯ ವಿಚಾರ ಇನ್ನೂ ವಿಚಿತ್ರ. ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಬಂದ ಶ್ರಮಯೋಗಿ ಮಾನಧನ್ ಯೋಜನೆ 60 ದಾಟಿದವರಿಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಅದಕ್ಕೆ ಸೇರಬೇಕಾದರೆ ವಯಸ್ಸು 18ರಿಂದ 40ರ ಒಳಗಿರಬೇಕು, ಬಳಿಕ 60ರ ತನಕ ಪ್ರತಿ ತಿಂಗಳು ವಂತಿಗೆ ಕಟ್ಟಬೇಕು. ಗಂಡ ತೀರಿಕೊಂಡ ಮೇಲೆ ನಲವತ್ತೈದರಲ್ಲಿ ಬುಟ್ಟಿ ಹಿಡಿದು ಬೀದಿಗಿಳಿದ ಹೆಂಗಸು ಇದಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ವ್ಯಾಪಾರದ ಪ್ರಮಾಣಪತ್ರದೊಂದಿಗೇ ಪಿಂಚಣಿ, ವಿಮೆಗಳ ನೋಂದಣಿಯೂ ಆಗಲಿ, ವಯಸ್ಸಿನ ಈ ತಡೆ ಹೋಗಲಿ ಎಂದು ವ್ಯಾಪಾರ ಸಮಿತಿಗಳು ಒತ್ತಾಯಿಸಬೇಕು. ಅದಕ್ಕೆ ಮೊದಲು ಆ ಸಮಿತಿಗಳು ಸಭೆ ಸೇರಬೇಕಾಗಿದೆ.