ಗುಂಡಿ ತೋಡಿದ ಹುಡುಗರು

ಹದಿಹರೆಯದವರ ಮೇಲೆ ಅಮೆರಿಕದಲ್ಲಿ ತೆಗೆಯುವ ಟಿ.ವಿ. ಸರಣಿಗಳ ಕೊನೆ ಹೇಗಿರುತ್ತೆ ಅಂತ ನೋಡುವ ಮೊದಲೇ ಹೇಳಬಹುದು. ಪ್ರೀತಿಸಿದವರು ಕೂಡುತ್ತಾರೆ, ಜಾಣರಿಗೆ ದೊಡ್ಡ ಕಾಲೇಜಿನ ಸೀಟು ಸಿಗುತ್ತೆ, ಕಾರು ಹೊರಡುತ್ತೆ, ಊರು ಹಿಂದೆ ಉಳಿಯುತ್ತೆ. ಪಾರಾದವನೊಬ್ಬನ ಗೆಲುವನ್ನೇ ಎಲ್ಲರ ಗೆಲುವು ಅಂತ ನಂಬಿಸಿ ದೀಪ ಆರಿಸುತ್ತಾರೆ. 2023ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಬಂದ 'ರಿಸರ್ವೇಷನ್ ಡಾಗ್ಸ್' ಸರಣಿಯ ಮೂರನೆಯ ಹಾಗೂ ಕೊನೆಯ ಸೀಸನ್ ಈ ಲೆಕ್ಕಕ್ಕೆ ಒಗ್ಗಲಿಲ್ಲ. ಅದರ ಕಡೇ ಕಂತಿನ ಹೆಸರು 'ಡಿಗ್', ಅಂದರೆ ತೋಡು. ತೋಡುವುದು ಒಬ್ಬ ಮುದುಕನನ್ನು ಮಣ್ಣು ಮಾಡುವ ಗುಂಡಿಯನ್ನು.

ಹೆಸರು ನೋಡಿ ಗೊಂದಲ ಬೇಡ. ಅಲ್ಲಿ ರಿಸರ್ವೇಷನ್ ಅಂದರೆ ನಮ್ಮ ಮೀಸಲಾತಿಯಲ್ಲ. ಇಡೀ ನೆಲ ಕಸಿದುಕೊಂಡ ಮೇಲೆ ಮೂಲನಿವಾಸಿಗಳಿಗೆ ಬಿಟ್ಟುಕೊಟ್ಟ ತುಂಡು ನೆಲ. ನಮ್ಮ ಪಠ್ಯಪುಸ್ತಕಗಳು 'ರೆಡ್ ಇಂಡಿಯನ್ನರು' ಅಂತ ಕರೆದ ಈ ಜನರಲ್ಲಿ ಮಸ್ಕೋಗಿಗಳೂ ಒಬ್ಬರು. 1830ರ ದಶಕದಲ್ಲಿ ಅವರನ್ನು ಅಲಬಾಮಾ, ಜಾರ್ಜಿಯಾ ಕಡೆಯಿಂದ ಎಬ್ಬಿಸಿ ಓಕ್ಲಹೋಮಾಕ್ಕೆ ನಡೆಸಿದರು. ದಾರಿಯುದ್ದಕ್ಕೂ ಹೆಣ ಬಿದ್ದವು. ಆ ನೆಲದ ರಿಸರ್ವೇಷನ್ ಇನ್ನೂ ಜೀವಂತವಿದೆ ಅಂತ ಅಮೆರಿಕದ ಸುಪ್ರೀಂ ಕೋರ್ಟು ಒಪ್ಪಿಕೊಳ್ಳಲು 2020 ಬರಬೇಕಾಯಿತು. ಸರಣಿಯ ಓಕರ್ನ್ ಎಂಬ ಕಲ್ಪಿತ ಊರು ಅಲ್ಲೇ ಇದೆ. ಇದನ್ನು ಕಟ್ಟಿದವರು ಸೆಮಿನೋಲ್-ಮಸ್ಕೋಗಿ ಮೂಲದ ಸ್ಟರ್ಲಿನ್ ಹಾರ್ಜೋ ಮತ್ತು ಮಾವೊರಿ ಮೂಲದ ಟೈಕಾ ವೈಟೀಟಿ. ಬರೆದವರು, ನಿರ್ದೇಶಿಸಿದವರು, ಮುಖ್ಯ ಪಾತ್ರ ಮಾಡಿದವರು ಎಲ್ಲರೂ ಮೂಲನಿವಾಸಿಗಳೇ. ನಮ್ಮ ಬದುಕನ್ನು ನಾವೇ ಹೇಳಬೇಕು ಅಂತ ಇಷ್ಟು ವರ್ಷ ವಾದ ಮಾಡಿದ ನಮಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಬೇರ್, ಎಲೋರಾ, ವಿಲ್ಲಿ ಜ್ಯಾಕ್, ಚೀಸ್ ನಾಲ್ವರು ಗೆಳೆಯರು. ಐದನೆಯವನು ಡೇನಿಯಲ್ ತಾನೇ ಜೀವ ಕಳೆದುಕೊಂಡ. ಅವನ ಆಸೆಯಂತೆ ಕ್ಯಾಲಿಫೋರ್ನಿಯಾಕ್ಕೆ ಓಡಿಹೋಗಬೇಕು ಅಂತ 2021ರ ಮೊದಲ ಕಂತಿನಲ್ಲಿ ಚಿಪ್ಸ್ ತುಂಬಿದ ಲಾರಿಯನ್ನೇ ಕದಿಯುತ್ತಾರೆ. ಎರಡನೆಯ ಸೀಸನ್ ಮುಗಿಯುವಷ್ಟರಲ್ಲಿ ಸಮುದ್ರ ನೋಡಿಯೂ ಆಯಿತು. ಹಾಗಾದರೆ ಕೊನೆಯ ಸೀಸನ್ನಿಗೆ ಉಳಿದದ್ದೇನು? ವಾಪಸು ಬರುವುದು. ಓಡಿಹೋಗುವುದರಲ್ಲಿ ಕಥೆ ಇರುತ್ತೆ, ವಾಪಸು ಬರುವುದರಲ್ಲಿ ಏನಿರುತ್ತೆ ಅಂತ ಕೇಳುವವರು ಈ ಹತ್ತು ಕಂತು ನೋಡಬೇಕು.

ಹುಡುಗರ ಕಥೆ ಅಂತ ಕರೆದು ಕೂರಿಸಿ ಮುದುಕರ ಕಥೆ ಹೇಳಿದರಲ್ಲ ಅಂತ ಯಾರಾದರೂ ದೂರಿದರೆ ಆ ದೂರನ್ನು ನಾವು ಒಪ್ಪುವುದಿಲ್ಲ. ಈ ಸೀಸನ್ನಿನ ಜೀವವೇ ಅಲ್ಲಿದೆ. ಬಸ್ಸು ತಪ್ಪಿಸಿಕೊಂಡ ಬೇರ್‌ಗೆ ಒಂಟಿಯಾಗಿ ಬದುಕುವ ಮ್ಯಾಕ್ಸಿಮಸ್ ಸಿಗುತ್ತಾನೆ. ಆಕಾಶದ ಜನ ಬರುತ್ತಾರೆ ಅಂತ ಕಾಯುವವನು, ಲೋಕ ಹುಚ್ಚ ಅಂತ ಬಿಟ್ಟವನು. (ಈ ಪಾತ್ರ ಮಾಡಿದ ಗ್ರಹಾಂ ಗ್ರೀನ್ 2025ರಲ್ಲಿ ತೀರಿಕೊಂಡರು. ಎಂಥ ನಟ!) ಆಮೇಲೊಂದು ಕಂತು ನಮ್ಮನ್ನು 1976ಕ್ಕೆ ಒಯ್ಯುತ್ತೆ. ಈಗಿನ ಹಿರಿಯರೆಲ್ಲ ಅಲ್ಲಿ ಪಡ್ಡೆ ಹುಡುಗರು. ಅವರ ನಡುವೆ ಮ್ಯಾಕ್ಸಿಮಸ್ ಏನೋ ಕಂಡೆ ಅನ್ನುತ್ತಾನೆ, ಗೆಳೆಯರು ನಗುತ್ತಾರೆ, ಕೈಬಿಡುತ್ತಾರೆ. ಡೇನಿಯಲ್‌ನನ್ನು ಉಳಿಸಿಕೊಳ್ಳಲಾಗದ ಮಕ್ಕಳ ಸಂಕಟಕ್ಕೂ ಮ್ಯಾಕ್ಸಿಮಸ್‌ನನ್ನು ಕೈಬಿಟ್ಟ ಹಿರಿಯರ ಮೌನಕ್ಕೂ ಗಂಟು ಬೀಳುವುದು ಇಲ್ಲಿ. ಹಿರಿಯರು ಮಾಡಲಾರದ ಕೆಲಸವನ್ನು ಮಕ್ಕಳು ಮಾಡುತ್ತಾರೆ: ಆಸ್ಪತ್ರೆಗೆ ನುಗ್ಗಿ ಮ್ಯಾಕ್ಸಿಮಸ್‌ನನ್ನು ಹೊರಗೆ ತಂದು, ಸಾಯುತ್ತಿರುವ ಫಿಕ್ಸಿಕೋ ಅಜ್ಜನ ಹಾಸಿಗೆಯ ಬಳಿ ಬಿಡುತ್ತಾರೆ. ಮೊದಲ ಕಂತಿನಲ್ಲಿ ಲಾರಿ ಕದ್ದರು, ಈಗ ಮನುಷ್ಯನನ್ನು ಕದ್ದರು!

'ಡಿಯರ್ ಲೇಡಿ' ಎಂಬ ಮೂರನೆಯ ಕಂತನ್ನು ಹಳ್ಳಿ ಶಾಲೆಯ ಮೇಷ್ಟ್ರುಗಳು ಮುಖ್ಯವಾಗಿ ನೋಡಬೇಕು. ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತು ತಂದು, ಕೂದಲು ಕತ್ತರಿಸಿ, ನುಡಿ ಮರೆಸಿದ ಬೋರ್ಡಿಂಗ್ ಶಾಲೆಯ ಕಥೆ ಅದು. ಅಲ್ಲಿನ ಸನ್ಯಾಸಿನಿಯರು ಆಡುವ ಇಂಗ್ಲಿಷ್ ನಮಗೆ ಒಂದಕ್ಷರವೂ ತಿಳಿಯದ ಹಾಗೆ ಕಲಸಿಹೋಗಿದೆ. ಮಗುವಿನ ಕಿವಿಗೆ ಅದು ಕೇಳಿಸಿದ್ದೇ ಹಾಗೆ. ಮಕ್ಕಳ ಮಾತು ಮಾತ್ರ ನಮಗೆ ಅರ್ಥವಾಗುತ್ತೆ. ನಾಗರಿಕ ಯಾರು, ಕಾಡು ಮನುಷ್ಯ ಯಾರು ಅನ್ನೋ ಹಳೇ ಲೆಕ್ಕ ಇಷ್ಟರಲ್ಲೇ ತಲೆಕೆಳಗಾಗುತ್ತೆ, ಭಾಷಣ ಬೇಕಾಗಲಿಲ್ಲ. ಅಮೆರಿಕ ಸರ್ಕಾರದ ತನಿಖೆಯೇ 2024ರಲ್ಲಿ ಒಪ್ಪಿಕೊಂಡ ಪ್ರಕಾರ ಇಂಥ ಶಾಲೆಗಳಲ್ಲಿ ಸತ್ತ ಮಕ್ಕಳು ಕನಿಷ್ಠ 973.

ಇಷ್ಟು ನೋವಿದ್ದೂ ಇದು ನಗಿಸುವ ಸರಣಿ. ಬೇರ್‌ನ ಕಣ್ಣಿಗೆ ಆಗಾಗ ಬೀಳುವ ಒಬ್ಬ ಪೂರ್ವಜನ ಆತ್ಮವಿದೆ. 1876ರ ಲಿಟಲ್ ಬಿಗ್‌ಹಾರ್ನ್ ಯುದ್ಧಕ್ಕೆ ಹೋದ ವೀರ. ಆದರೆ ಕಾದಾಡಿ ಸತ್ತವನಲ್ಲ, ಕುದುರೆ ಎಡವಿ ಮೈಮೇಲೆ ಬಿದ್ದು ಸತ್ತವನು! ತನ್ನ ವೀರಪರಂಪರೆಯನ್ನೇ ಗೇಲಿ ಮಾಡುವ ಧೈರ್ಯ ಇದು. ಹೊರಗಿನವರು ಮಾಡಿದ್ದರೆ ಅದು ಅವಮಾನವಾಗುತ್ತಿತ್ತು. ಎಲೋರಾ ಕಾಲೇಜಿನ ಹಣಸಹಾಯದ ಅರ್ಜಿಗೆ ಸಹಿ ಬೇಕು ಅಂತ, ಕಂಡೇ ಇರದ ಬಿಳಿಯ ಅಪ್ಪನನ್ನು ಹುಡುಕಿಕೊಂಡು ಹೋಗುತ್ತಾಳೆ. ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಅಲೆದವರಿಗೆ ಆ ಮುಜುಗರ ಗೊತ್ತು.

ಕಡೇ ಕಂತಿನಲ್ಲಿ ಫಿಕ್ಸಿಕೋ ಅಜ್ಜನ ಸಾವಿಗೆ ಊರೇ ಸೇರುತ್ತೆ. ಅಡುಗೆ ಬೇಯುತ್ತೆ, ಹಾಡು ಏಳುತ್ತೆ, ಹುಡುಗರು ಹಿರಿಯರ ಜೊತೆ ತಮಾಷೆ ಮಾಡುತ್ತಲೇ ಗುದ್ದಲಿ ಹಿಡಿಯುತ್ತಾರೆ. ನಮ್ಮ ಕಡೆ ಗುಂಡಿ ತೋಡುವ ಬಿಟ್ಟಿ ಯಾರ ತಲೆಗೆ ಕಟ್ಟಿದ್ದಾರೆ ಅಂತ ಓದುಗರಿಗೆ ಗೊತ್ತಿದೆ. ಅಲ್ಲಿ ಗುಂಡಿ ತೋಡುವುದು ಸತ್ತವನಿಗೆ ಹತ್ತಿರದವರು ಕೊಡುವ ಕೊನೆಯ ಮರ್ಯಾದೆ. ಅದೇ ಗುದ್ದಲಿ, ಅದೇ ಮಣ್ಣು! ಅತ್ತ ಜೈಲಿನ ಭೇಟಿ ಕೋಣೆಯಲ್ಲಿ ಡೇನಿಯಲ್‌ನ ತಾಯಿ ಹೋಕ್ತಿ ಚಿಪ್ಸ್ ಪೊಟ್ಟಣಗಳನ್ನಿಟ್ಟು, ಸತ್ತ ಅಜ್ಜ ಊರಿನವರಲ್ಲಿ ಹೇಗೆ ಹಂಚಿಹೋಗಿದ್ದಾನೆ ಅಂತ ವಿಲ್ಲಿ ಜ್ಯಾಕ್‌ಗೆ ತೋರಿಸುತ್ತಾಳೆ. ಕದ್ದ ಲಾರಿಯ ಚಿಪ್ಸ್ ಇಲ್ಲಿಗೆ ಬಂದು ಮುಟ್ಟುತ್ತೆ. ಹಾರ್ಜೋ ತಾನೇ ತೀರ್ಮಾನಿಸಿ ಸರಣಿ ನಿಲ್ಲಿಸಿದ್ದು ಸರಿ.

ಆದರೂ ನಮ್ಮ ತಕರಾರಿದೆ. ಡಿಸ್ನಿ ಒಡೆತನದ ಸಂಸ್ಥೆಯ ದುಡ್ಡಿನಲ್ಲಿ ಬಂದದ್ದು ಎಂಬುದಲ್ಲ, ಅದನ್ನು ಈ ಜನ ಚೆನ್ನಾಗಿಯೇ ಬಳಸಿಕೊಂಡರು. ಶಾಲೆ ನಡೆಸಿದ ಪ್ರಭುತ್ವಕ್ಕೆ ಇಲ್ಲಿ ಉತ್ತರ ಕೊಡುವುದು ಗೊರಸಿನ ಕಾಲಿನ ಒಬ್ಬ ಜನಪದ ಹೆಂಗಸು, ಒಂಟಿಯಾಗಿ. ಊರಿನ ಸಿಟ್ಟು ಎಲ್ಲಿ ಹೋಯಿತು? ಇನ್ನೊಂದು ಮಾತು ಇದಕ್ಕಿಂತ ಕಹಿ. ಮಸ್ಕೋಗಿಗಳಲ್ಲಿ ಕಪ್ಪುಜನರನ್ನು ಗುಲಾಮರಾಗಿ ಇಟ್ಟುಕೊಂಡವರಿದ್ದರು. 1866ರ ಒಪ್ಪಂದ ಆ ಗುಲಾಮರಿಗೂ ಅವರ ಸಂತತಿಗೂ ಪೌರತ್ವ ಕೊಟ್ಟಿತು. 1979ರ ಸಂವಿಧಾನದಲ್ಲಿ ಮಸ್ಕೋಗಿ ರಾಷ್ಟ್ರ ಅವರನ್ನು ಹೊರಗಿಟ್ಟಿತು. ಅವರಿಗೂ ಹಕ್ಕಿದೆ ಅಂತ ಮಸ್ಕೋಗಿಗಳದೇ ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2025ರ ಜುಲೈನಲ್ಲಿ, ಸರಣಿ ಮುಗಿದು ಸುಮಾರು ಎರಡು ವರ್ಷದ ಮೇಲೆ. ಫಿಕ್ಸಿಕೋ ಅಜ್ಜನ ಗುಂಡಿಯ ಸುತ್ತ ಅಷ್ಟು ಜನ ನಿಂತಿದ್ದರು. ಆ ಕಪ್ಪು ಮಸ್ಕೋಗಿಗಳ ಕಥೆಗೆ ಮಾತ್ರ ಓಕರ್ನ್ ಊರಿನ ನಟ್ಟನಡುವೆ ಜಾಗ ಸಿಗಲಿಲ್ಲ.