ಪುಸ್ತಕ ವಿಮರ್ಶೆ: ಹೇನ್ಸ್ ಕೈಪಿಡಿಯೂ ಬೆಚ್ಚಗಾಗದ ಎಂ.ಜಿ.ಬಿ.ಯೂ

ಈ ಪುಟದಲ್ಲಿ ಸಾಮಾನ್ಯವಾಗಿ ಕಾದಂಬರಿಗಳ, ಕವನ ಸಂಕಲನಗಳ ವಿಮರ್ಶೆ ಬರುತ್ತದೆ. ಈ ಸಲ ನಾವಿಬ್ಬರು, ಎಂದರೆ ಪ್ರತಿ ಸಂಚಿಕೆಯಲ್ಲೂ ಈ ಅಂಕಣ ಬರೆಯುವ ದಂಪತಿ, ಎಣ್ಣೆ ಮೆತ್ತಿದ ಪುಸ್ತಕವೊಂದನ್ನು ಕೈಗೆತ್ತಿಕೊಂಡಿದ್ದೇವೆ. ಸಾಹಿತ್ಯಾಭಿಮಾನಿಗಳು ಮೂಗು ಮುರಿಯಬಾರದಾಗಿ ವಿನಂತಿ. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಮೂರು ನಾಲ್ಕು ಮನೆಗಳು ನಮ್ಮ ಸಂಘದಲ್ಲೇ ಇವೆ. ಅವರಿಗಾದರೂ ಇದರಿಂದ ಒಂದಿಷ್ಟು ಪೌಂಡು ಉಳಿದರೆ ಬರೆದದ್ದು ಸಾರ್ಥಕ.

ಪುಸ್ತಕ ಎಂ.ಜಿ.ಬಿ. ಕಾರಿನ ಹೇನ್ಸ್ ರಿಪೇರಿ ಕೈಪಿಡಿ. ಈ ದೇಶದಲ್ಲಿ ಹೇನ್ಸ್ ಹೆಸರು ಕೇಳದವರು ಕಡಿಮೆ. ಜಾನ್ ಹೇನ್ಸ್ ಎಂಬವರು ವಾಯುಪಡೆಯ ಕೆಲಸದಲ್ಲಿ ಏಡನ್‌ನಲ್ಲಿದ್ದಾಗ, ಸಹೋದ್ಯೋಗಿಯೊಬ್ಬರ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಜೋಡಿಸುವುದಕ್ಕೆ ನೆರವಾದರು. ಒಂದೊಂದು ಹಂತದ ಫೋಟೋವನ್ನೂ ತೆಗೆದಿಟ್ಟುಕೊಂಡರು. ಅದರಿಂದ 1966ರಲ್ಲಿ ಮೊದಲ ಕೈಪಿಡಿ ಹುಟ್ಟಿತು. ಕಾರನ್ನು ನಿಜವಾಗಿ ಪೂರ್ತಿ ಬಿಚ್ಚಿ ಬರೆಯುವುದೇ ಈ ಮಾಲೆಯ ಮರ್ಯಾದೆ. ಹೇನ್ಸ್ 2019ರಲ್ಲಿ ತೀರಿಕೊಂಡರು. ಹೊಸ ಮಾದರಿಗಳಿಗೆ ಇನ್ನು ಮುದ್ರಿತ ಕೈಪಿಡಿ ತರುವುದಿಲ್ಲವೆಂದು 2020ರಲ್ಲಿ ಕಂಪನಿ ಪ್ರಕಟಿಸಿದಾಗ, ಬಹಳ ಮಂದಿ ಹಳೆಯ ನೆಂಟರೊಬ್ಬರು ಹೋದಂತೆ ಬೇಸರಪಟ್ಟರು.

ನಮ್ಮ ಕೈಗೆ ಬಂದ ಪ್ರತಿ ನಮ್ಮದಲ್ಲ. ಅದು ನಮ್ಮ ಮಿತ್ರರೊಬ್ಬರದು. ಮೂಡಿಗೆರೆ ಕಡೆಯವರು. ಹೆಸರು ಬೇಡ, ಸಂಘದ ಹಳಬರಿಗೆಲ್ಲ ಗೊತ್ತು. 2022ರ ಅಕ್ಟೋಬರಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಬಿಟ್ಟುಹೋದದ್ದರಲ್ಲಿ 1973ರ ಎಂ.ಜಿ.ಬಿ. ಜಿಟಿಯೂ ಒಂದು. ಒಂದು ವರ್ಷ ಅದು ಹೊದಿಕೆಯ ಕೆಳಗೇ ಇತ್ತು. ಆಮೇಲೆ ಮಗಳು, 'ಅಪ್ಪನ ಕಾರು ಸುಮ್ಮನೆ ನಿಲ್ಲಬಾರದು' ಎಂದು, ನವೆಂಬರಿನಿಂದ ಶೆಫೀಲ್ಡಿನ ಆ ಏರುಗಳಲ್ಲಿ ನಾಲ್ಕು ಮೈಲಿ ದೂರದ ಆಸ್ಪತ್ರೆಗೆ ಅದರಲ್ಲೇ ಕೆಲಸಕ್ಕೆ ಹೋಗತೊಡಗಿದಳು.

ಜನವರಿಯ ಹೊತ್ತಿಗೆ ಅವಳು ಸೋತಿದ್ದಳು. ಚೋಕ್ ಒಳಗೆ ತಳ್ಳಿದರೆ ಎಂಜಿನ್ನು ಕೆಮ್ಮಿ ನಿಲ್ಲುತ್ತಿತ್ತು. ಆಸ್ಪತ್ರೆ ಮುಟ್ಟುವವರೆಗೂ ಚೋಕ್ ಅರ್ಧ ಎಳೆದೇ ಇರಬೇಕಾಗಿತ್ತು. ತಂದೆಯ ಕಾಲದಲ್ಲಿ ಗ್ಯಾಲನ್ನಿಗೆ 25 ಮೈಲಿ ಕೊಡುತ್ತಿದ್ದ ಕಾರು 17ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ ಸುಮಾರು 9 ಕಿಲೋಮೀಟರು ಇದ್ದದ್ದು 6 ಆಯಿತು. ಒಂದು ಗ್ಯಾರೇಜಿನವರು ಎಣ್ಣೆ ತುಂಬುವ ಮುಚ್ಚಳ ತೆಗೆದು, ಒಳಗೆ ಬೆಣ್ಣೆಯಂತೆ ಕಟ್ಟಿದ ಬಿಳಿ ಜಿಡ್ಡನ್ನು ತೋರಿಸಿ, 'ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ನು ಬಿಚ್ಚಬೇಕು' ಎಂದು 2,800 ಪೌಂಡಿನ ಚೀಟಿ ಬರೆದುಕೊಟ್ಟರು. ಹಳೆ ಕಾರಿನ ವ್ಯಾಪಾರಿಯೊಬ್ಬ 1,500ಕ್ಕೆ ತೆಗೆದುಕೊಳ್ಳುತ್ತೇನೆಂದ. ತಾಯಿಗೆ ಕೊಟ್ಟುಬಿಡುವ ಮನಸ್ಸು, ಮಗಳಿಗೆ ಅಳು. 'ಅಂಕಲ್, ಒಂದು ಸಲ ನೋಡ್ತೀರಾ?' ಎಂದು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ಕಪಾಟಿನಿಂದ ಕೈಪಿಡಿಯನ್ನು ಅವಳೇ ತೆಗೆದುಕೊಟ್ಟಳು.

ಇನ್ನು ವಿಮರ್ಶೆ. ಕೈಪಿಡಿ ಕಾರನ್ನು ಅಂಗಾಂಗಗಳಾಗಿ ವಿಂಗಡಿಸುತ್ತದೆ. ಎಂಜಿನ್ನಿಗೆ ಒಂದು ಅಧ್ಯಾಯ, ತಂಪು ಮಾಡುವ ವ್ಯವಸ್ಥೆಗೆ ಒಂದು, ಪೆಟ್ರೋಲು ಕಾರ್ಬುರೇಟರಿಗೆ ಒಂದು, ಕಿಡಿ ಹೊತ್ತಿಸುವುದಕ್ಕೆ ಒಂದು. ಬಿಚ್ಚುವವನಿಗೆ ಇದು ಬಹಳ ಅನುಕೂಲ. ಆದರೆ ಕಾಯಿಲೆ ಹುಡುಕುವವನಿಗೆ ಇದೇ ತೊಡಕು. ನಮ್ಮ ಹುಡುಗಿಯ ದೂರು ಎರಡು: ಬೆಚ್ಚಗಾಗುವುದಿಲ್ಲ, ಪೆಟ್ರೋಲು ಕುಡಿಯುತ್ತದೆ. ಮೊದಲನೆಯದು ತಂಪಿನ ಅಧ್ಯಾಯಕ್ಕೆ ಸೇರಿದ್ದು, ಎರಡನೆಯದು ಪೆಟ್ರೋಲಿನ ಅಧ್ಯಾಯಕ್ಕೆ. ಎರಡೂ ಒಂದೇ ರೋಗದ ಲಕ್ಷಣಗಳಿರಬಹುದೆಂದು ಓದುಗನೇ ಪುಟ ತಿರುಗಿಸಿ ಜೋಡಿಸಿಕೊಳ್ಳಬೇಕು.

ನಾವು ಜೋಡಿಸಿಕೊಳ್ಳಲಿಲ್ಲ. ನಮ್ಮ ಊರಿನ ಜನಕ್ಕೆ ಕಾರು ಕಾಯುವುದರ ಭಯ ಗೊತ್ತು, ಕಾಯದಿರುವುದರ ಭಯ ಗೊತ್ತಿಲ್ಲ. ಮುಳ್ಳು ಕೆಳಗಿದ್ದರೆ 'ಪರವಾಗಿಲ್ಲ, ತಣ್ಣಗಿದೆ' ಎಂದು ಸಂತೋಷಪಡುತ್ತೇವೆ. ಹಾಗಾಗಿ ನೇರವಾಗಿ ಪೆಟ್ರೋಲಿನ ಅಧ್ಯಾಯಕ್ಕೆ ಹೋಗಿ ಮೂರು ಶನಿವಾರ ಕಳೆದೆವು. ಏರ್ ಫಿಲ್ಟರ್ ಬದಲಾಯಿಸಿದೆವು. ಪ್ಲಗ್ಗುಗಳನ್ನು ಉಜ್ಜಿದೆವು. ಕಾಂಟ್ಯಾಕ್ಟ್ ಪಾಯಿಂಟಿನ ಅಂತರವನ್ನು 0.015 ಇಂಚಿಗೆ ತಂದೆವು. ಎರಡು ಎಸ್.ಯು. ಕಾರ್ಬುರೇಟರುಗಳು ಸೋರುತ್ತಿವೆಯೇ, ಬ್ರೇಕು ಹಿಡಿದುಕೊಂಡಿದೆಯೇ ಎಂದು ನೋಡಿದೆವು. ಟೈರಿಗೆ ಗಾಳಿ ಹಾಕಿಸಿದೆವು. ಇಷ್ಟೆಲ್ಲದಕ್ಕೆ ಸಿಕ್ಕ ಫಲ, 17 ಇದ್ದದ್ದು 18. 'ಈಗಿನ ಪೆಟ್ರೋಲೇ ಹಾಗೆ, ಎಥನಾಲ್ ಬೆರೆಸುತ್ತಾರೆ' ಎಂದರು ಒಬ್ಬರು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಇರುವುದು ನಿಜ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ ಎಂಬುದೂ ನಿಜ. ಆದರೆ ಲೆಕ್ಕ ಹಾಕಿದರೆ ನಷ್ಟ ನೂರಕ್ಕೆ ಮೂರು ನಾಲ್ಕು ದಾಟುವುದಿಲ್ಲ. ಇಲ್ಲಿ ಹೋಗಿದ್ದದ್ದು ನೂರಕ್ಕೆ ಮೂವತ್ತು.

ಕೊನೆಗೆ ನಮ್ಮಿಬ್ಬರಲ್ಲಿ ಕಾರಿನ ಗಂಧಗಾಳಿಯೇ ಇಲ್ಲದವರು ಪಕ್ಕದ ಸೀಟಿನಲ್ಲಿ ನಡುಗುತ್ತಾ ಕೇಳಿದರು: 'ಅಲ್ಲ, ಈ ಹೀಟರು ಯಾಕೆ ತಣ್ಣಗೆ ಊದ್ತಿದೆ?'

ಆಗ ತಂಪಿನ ಅಧ್ಯಾಯ ತೆರೆದೆವು. ಥರ್ಮೋಸ್ಟಾಟಿನ ಚಿತ್ರದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ, ಅವರ ದುಂಡು ಕನ್ನಡ ಅಕ್ಷರದಲ್ಲಿ, ಒಂದು ಸಾಲು: 'ಜುಲೈ 22. ಸೆಕೆ. ಇದನ್ನು ತೆಗೆದಿದೆ. ಚಳಿಗೆ ಮುಂಚೆ ಹೊಸದು ಹಾಕಬೇಕು.'

ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ 40 ಡಿಗ್ರಿ ದಾಟಿದ ಜುಲೈ ಅದು. ಚಳಿಗೆ ಮುಂಚೆ ಅವರೇ ಹೋದರು. ಪುಸ್ತಕವನ್ನು ಕಾರಿನ ಬಾನೆಟ್ ಮೇಲೆ ಇಟ್ಟು ಸ್ವಲ್ಪ ಹೊತ್ತು ನಾವು ಯಾರೂ ಮಾತಾಡಲಿಲ್ಲ.

ಅವರು ಹಾಗೇಕೆ ಮಾಡಿದರೆಂದು ನಮಗೆ ಗೊತ್ತಿತ್ತು. ಅವರ ತಂದೆಯವರದು ಅಂಬಾಸಡರ್. ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯುತ್ತದೆಂದು ಮೆಕ್ಯಾನಿಕ್ ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿದ್ದ ಕಥೆಯನ್ನು ಎಷ್ಟೋ ಸಲ ಹೇಳಿದ್ದರು. ನಮ್ಮ ಕಡೆ ಇದು ಮನೆಮದ್ದಿನಷ್ಟೇ ಸಾಮಾನ್ಯ. ತಮಾಷೆಯೆಂದರೆ ಅಂಬಾಸಡರಿನ 1489 ಸಿ.ಸಿ. ಎಂಜಿನ್ನೂ ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು, ಬಿ.ಎಂ.ಸಿ.ಯವರ ಬಿ-ಸೀರೀಸ್. ದಾಯಾದಿಗೆ ಮಾಡಿದ ಮದ್ದನ್ನು ಅವರು ಇವನಿಗೂ ಮಾಡಿದರು. ಚಾರ್ಮಾಡಿಯ ಏಪ್ರಿಲಿಗೆ ಹೇಗೋ ನಡೆದೀತು. ಯಾರ್ಕ್‌ಶೈರಿನ ಜನವರಿಗೆ ನಡೆಯುವುದಿಲ್ಲ.

ಕಾರಣ ಸರಳ. ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಪುಟ್ಟ ಬಾಗಿಲು. ಎಂಜಿನ್ನು ತಣ್ಣಗಿರುವಾಗ ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ನೀರು ಕಾದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಎಂ.ಜಿ.ಬಿ.ಗೆ ಸಾಮಾನ್ಯವಾಗಿ 82 ಡಿಗ್ರಿಯದು, ಚಳಿ ದೇಶಕ್ಕೆ 88ರದು, ಸೆಕೆ ದೇಶಕ್ಕೆ 74ರದು. ಬಾಗಿಲೇ ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ನೀರೆಲ್ಲ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ಒಲೆಯ ಮೇಲಿಟ್ಟ ಹಂಡೆಗೆ ಇನ್ನೊಂದು ಕಡೆಯಿಂದ ತಣ್ಣೀರು ಹುಯ್ಯುತ್ತಾ ಇದ್ದಂತೆ.

ಪೆಟ್ರೋಲು ಉರಿಯುವುದು ಆವಿಯಾಗಿ ಗಾಳಿಯೊಡನೆ ಬೆರೆತಾಗ. ತಣ್ಣಗಿನ ಕೊಳವೆಗಳಲ್ಲಿ ಅದರಲ್ಲೊಂದು ಪಾಲು ಆವಿಯಾಗದೆ ಹನಿಯಾಗಿ ಗೋಡೆಗೆ ಅಂಟುತ್ತದೆ. ಆ ಕೊರತೆ ತುಂಬಲು ಚೋಕ್ ಎಳೆದು ಹೆಚ್ಚು ಪೆಟ್ರೋಲು ಕೊಡಬೇಕು. ಉರಿಯದ ಪೆಟ್ರೋಲು ಪಿಸ್ಟನ್ನಿನ ಪಕ್ಕದಿಂದ ಇಳಿದು ಎಣ್ಣೆಗೆ ಸೇರಿ ಅದನ್ನು ನೀರಾಗಿಸುತ್ತದೆ. ದಪ್ಪಗಿನ ತಣ್ಣನೆಯ ಎಣ್ಣೆಯನ್ನು ಕಡೆಯುವುದಕ್ಕೇ ಎಂಜಿನ್ನಿನ ಶಕ್ತಿ ಒಂದಿಷ್ಟು ಹೋಗುತ್ತದೆ. ಒಳಗೆ ಹುಟ್ಟಿದ ತೇವ ಆರದೆ ಎಣ್ಣೆಯೊಡನೆ ಕಲೆತು ಬಿಳಿ ಬೆಣ್ಣೆಯಾಗಿ ಎಲ್ಲಕ್ಕಿಂತ ತಣ್ಣಗಿರುವ ಮುಚ್ಚಳದ ಕೆಳಗೆ ಕೂರುತ್ತದೆ. ಗ್ಯಾರೇಜಿನವರು ನೋಡಿದ್ದು ಅದನ್ನೇ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ತಿಳಿಯಾಗಿತ್ತು, ರೇಡಿಯೇಟರಿನ ನೀರು ಒಂದು ಲೋಟವೂ ಇಳಿದಿರಲಿಲ್ಲ. ಗ್ಯಾಸ್ಕೆಟ್ ಹೋದ ಕಾರು ಹಾಗಿರುವುದಿಲ್ಲ. ಇವೆರಡನ್ನೂ ನೋಡದೆ ಚೀಟಿ ಬರೆದದ್ದಕ್ಕೆ ನಮಗೆ ಇನ್ನೂ ಸಿಟ್ಟಿದೆ.

ಥರ್ಮೋಸ್ಟಾಟಿನ ಬೆಲೆ ಎಂಟು ಪೌಂಡು. ಚಳಿ ನೋಡಿ 88 ಡಿಗ್ರಿಯದೇ ತಂದೆವು. ಹಾಕುವ ಮುನ್ನ ನಮ್ಮ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ, ದಾರದಲ್ಲಿ ಇಳಿಬಿಟ್ಟು, ಸರಿಯಾದ ಬಿಸಿಗೆ ತೆರೆಯುತ್ತದೆಯೇ ಎಂದು ಪರೀಕ್ಷಿಸಿದೆವು. (ಆ ಪಾತ್ರೆ ಮತ್ತೆ ಅಡಿಗೆಮನೆಗೆ ಬರಲಿಲ್ಲ, ಆ ವಿಚಾರ ಬೇರೆ.) ಹಾಕುವ ಕೆಲಸದಲ್ಲಿ ಕೈಪಿಡಿ ಮತ್ತೆ ಗುರುವಾಯಿತು. ಎಂಜಿನ್ ಹೆಡ್ಡಿನ ಮುಂತುದಿಯಲ್ಲಿ ಮೂರು ನಟ್ಟುಗಳು ಹಿಡಿದಿರುವ ಮೊಣಕೈ ಆಕಾರದ ಮುಚ್ಚಳ, ಅದರ ಕೆಳಗೆ ಇದರ ಗೂಡು. ತೋರಿಸಿದ್ದು ತೋರಿಸಿದಲ್ಲೇ ಇದೆ, ಹೇಳಿದ್ದು ಹೇಳಿದ ಕ್ರಮದಲ್ಲೇ ಬಿಚ್ಚುತ್ತದೆ. ಆದರೆ ಐವತ್ತು ವರ್ಷದ ತುಕ್ಕು ಹಿಡಿದ ಬೋಲ್ಟು ಫೋಟೋದಲ್ಲಿನ ಬೋಲ್ಟಿನಂತೆ ಇರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕಾಯಿತು. ಒಂದು ಬೋಲ್ಟು ಮುರಿದು ಹೆಡ್ಡಿನಲ್ಲೇ ಉಳಿದಿದ್ದರೆ ನಮ್ಮ ಎಂಟು ಪೌಂಡಿನ ಕೆಲಸ ಎಂಟುನೂರರದಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಾರು ಒಂದೂವರೆ ಮೈಲಿ ಹೋಗುವಷ್ಟರಲ್ಲಿ ಚೋಕ್ ಪೂರ್ತಿ ಒಳಗೆ ಹೋಯಿತು. ಹೀಟರು ಬಿಸಿ ಊದಿತು. ಎಣ್ಣೆ ಬದಲಾಯಿಸಿ, ಕಾರ್ಬುರೇಟರಿನ ಮಿಶ್ರಣವನ್ನು ಎಂಜಿನ್ನು ಕಾದ ಮೇಲೆ ಹೊಸದಾಗಿ ಹೊಂದಿಸಿದೆವು. ತಣ್ಣಗಿರುವಾಗ ಹೊಂದಿಸಿದ್ದೆಲ್ಲ ಸುಳ್ಳು ಲೆಕ್ಕ. ಈಗ 23 ಮೈಲಿ ಬರುತ್ತಿದೆ. ಹಳೆಯ 25 ಬಂದಿಲ್ಲ, ದಿನಕ್ಕೆರಡು ಸಲ ನಾಲ್ಕು ನಾಲ್ಕು ಮೈಲಿಯ ಓಟದಲ್ಲಿ ಬರುವುದೂ ಇಲ್ಲ.

'ಹಳೇ ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೇ, ಕುಡಿಯುತ್ತೆ' ಎಂಬ ಮಾತನ್ನು ನಾವು ಈಗ ಒಪ್ಪುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅನುಮಾನವಿದ್ದರೆ, ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ ನೋಡಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ತಟ್ಟನೆ ಬಿಸಿಯಾದರೆ ಸರಿ. ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ಹಾಗೆಯೇ, ಬೆಚ್ಚಗಾಗಲೆಂದು ಮನೆಮುಂದೆ ಹತ್ತು ನಿಮಿಷ ಸುಮ್ಮನೆ ಓಡಿಸುವುದು ಬೇಡ. ಮೆಲ್ಲಗೆ ಹೊರಟರೆ ಬೇಗ ಕಾಯುತ್ತದೆ.

ಪುಸ್ತಕದ ಬಗ್ಗೆ ನಮ್ಮ ಅಭಿಪ್ರಾಯ: ಕೈಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ. ತಲೆಗೆ ಇದೊಂದೇ ಸಾಲದು. ತಂಪಿನ ಅಧ್ಯಾಯವೂ ಪೆಟ್ರೋಲಿನ ಅಧ್ಯಾಯವೂ ಸಂಧಿಸುವ ಒಂದು ಪುಟ ಇದ್ದಿದ್ದರೆ ನಮಗೆ ಮೂರು ಶನಿವಾರ ಉಳಿಯುತ್ತಿದ್ದವು. ಕೊಳ್ಳುವವರು ಅಂಚಿನಲ್ಲಿ ಬರೆದಿರುವ ಹಳೆಯ ಪ್ರತಿ ಸಿಕ್ಕರೆ ಹೊಸದಕ್ಕಿಂತ ಅದನ್ನೇ ಆರಿಸಿ.

ನಮ್ಮ ಮಿತ್ರರ ಪ್ರತಿ ಸದ್ಯ ಮಗಳ ಬಳಿ ಇದೆ. ನೋಡಬೇಕೆನ್ನುವವರು ಯುಗಾದಿ ಕಾರ್ಯಕ್ರಮದ ದಿನ ಅವಳನ್ನು ಕೇಳಬಹುದು, ಕಾರಿನಲ್ಲೇ ತರುತ್ತಾಳಂತೆ. ಪೆನ್ಸಿಲಿನ ಸಾಲುಗಳ ಮೇಲೆ ಕೈ ಉಜ್ಜದಿರಿ.