ಭದ್ರಾವತಿಯ ಬಾನುಲಿ: ಒಡೆತನವೂ ಧ್ವನಿಯೂ

ಬಾನುಲಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ಯುಗಗಳನ್ನು ಕಲ್ಪಿಸಿಕೊಳ್ಳುತ್ತಾರೆ: ಸರ್ಕಾರವು ನಡೆಸಿದ ಶಿಸ್ತಿನ ಯುಗ ಒಂದು, ಖಾಸಗಿ ಎಫ್.ಎಂ. ಕೇಂದ್ರಗಳು ತಂದ ಸ್ವಾತಂತ್ರ್ಯದ ಯುಗ ಇನ್ನೊಂದು. ಶಿವಮೊಗ್ಗ ಮತ್ತು ಭದ್ರಾವತಿಗಳ ನಿದರ್ಶನವನ್ನು ಮುಂದಿಟ್ಟುಕೊಂಡು ನೋಡಿದರೆ ಈ ವಿಭಜನೆಯು ನಿಲ್ಲದೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಕನ್ನಡ ನಾಡಿನ ಬಾನುಲಿಯು ಹುಟ್ಟಿದ್ದೇ ಖಾಸಗಿಯಾಗಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪ್ರೇಷಕವನ್ನು ಸ್ಥಾಪಿಸಿದರು. ಆ ಕೇಂದ್ರವು ‘ಆಕಾಶವಾಣಿ’ ಎನ್ನಿಸಿಕೊಂಡು, ಮುಂದೆ ಸಾರ್ವಜನಿಕ ಆಡಳಿತಕ್ಕೆ ಸೇರಿ, 1950ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದಿತು. ಲಾಭದ ಉದ್ದೇಶವಿಲ್ಲದ ಖಾಸಗಿ ಒಡೆತನವೊಂದು ನಮ್ಮಲ್ಲಿತ್ತೆಂಬುದನ್ನು ಇಂದಿನ ಚರ್ಚೆಯು ಮರೆತಿದೆ.

ಭದ್ರಾವತಿಯ ಕೇಂದ್ರವು 1965ರಲ್ಲಿ ಆರಂಭವಾಯಿತು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಈ ಊರಿನಿಂದ ಹೊರಟ ಧ್ವನಿಯು ಬಹುಕಾಲ 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಕೇಳಿಬಂದಿತು, ಈಗ 103.5 ಮೆಗಾಹರ್ಟ್ಸ್‌ನ ಎಫ್.ಎಂ.ನಲ್ಲಿ ಕೇಳಿಬರುತ್ತದೆ. ಇದನ್ನು ಬರಿಯ ಸುಧಾರಣೆಯೆಂದು ಎಣಿಸುವುದು ಸರಿಯಲ್ಲ. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ದೂರ ಸಾಗುತ್ತದೆ, ಎಫ್.ಎಂ. ಧ್ವನಿಯು ನಿರ್ಮಲವಾದರೂ ಬಹುಮಟ್ಟಿಗೆ ನೇರ ದೃಷ್ಟಿಯ ಮಾರ್ಗವನ್ನು ಬೇಡುತ್ತದೆ, ಗುಡ್ಡ ಅಡ್ಡಬಂದರೆ ಕ್ಷೀಣಿಸುತ್ತದೆ. ಬಯಲಿನ ಪೇಟೆಗೆ ಲಾಭವಾದದ್ದು ಮಲೆನಾಡಿನ ಕಣಿವೆಯ ಒಂಟಿ ಮನೆಗೂ ಲಾಭವಾಗಿಯೇ ತೀರುವುದೆಂದು ಹೇಳಲಾಗದು.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವುದು ನಮ್ಮ ಉದ್ದೇಶವಲ್ಲ. 1952ರ ತರುವಾಯ ಆಕಾಶವಾಣಿಯು ಚಲನಚಿತ್ರ ಗೀತೆಗಳನ್ನು ದೂರವಿರಿಸಿದಾಗ ಶ್ರೋತೃಗಳು ಸಿಲೋನ್ ಬಾನುಲಿಯತ್ತ ತಿರುಗಿದರು. 1957ರಲ್ಲಿ ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು. ಕೇಳುವವರ ಅಭಿರುಚಿಯನ್ನು ಕಡೆಗಣಿಸಿದ ಒಡೆತನವು, ಅದು ಸರ್ಕಾರದ್ದೇ ಆಗಿರಲಿ, ಸೋಲದಿರದು.

ಆದರೆ ಮಾರುಕಟ್ಟೆಯ ಮಿತಿಯೂ ಅಷ್ಟೇ ಸ್ಪಷ್ಟ. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ಪ್ರಸಾರವು ಆರಂಭವಾಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆಯಿತ್ತಿತು. ಆ ಪಟ್ಟಿಯಲ್ಲಿ ಶಿವಮೊಗ್ಗವೂ ಸೇರಿದೆ. ಹರಾಜಿನಲ್ಲಿ ಹಣ ತೆತ್ತವನು ಅದನ್ನು ಜಾಹೀರಾತಿನಿಂದಲೇ ಹಿಂಪಡೆಯಬೇಕು. ಸ್ವಂತ ವಾರ್ತೆಯನ್ನು ಪ್ರಸಾರ ಮಾಡುವ ಅಧಿಕಾರವೂ ಅವನಿಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ಹೀಗಿರಲು ಅವನ ವೇಳಾಪಟ್ಟಿಯು ಹಾಡು ಮತ್ತು ಹರಟೆಗಳತ್ತ ವಾಲುವುದು ಸಹಜ. ಇದು ಅಭಿರುಚಿಯ ದೋಷವಲ್ಲ, ನಿಯಮದ ಫಲ. ಅಡಕೆ ಬೆಳೆಗಾರನ ಪ್ರಶ್ನೆಗೆ, ಕಾರ್ಖಾನೆಯ ಕೆಲಸ ಕಳೆದುಕೊಂಡವನ ಮಾತಿಗೆ ಅಲ್ಲಿ ಎಡೆ ಎಲ್ಲಿ?

2006ರಲ್ಲಿ ಸಮುದಾಯ ಬಾನುಲಿಯ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ವಿಸ್ತರಿಸಿದುದರಿಂದ ಮೂರನೆಯ ಬಗೆಯ ಒಡೆತನಕ್ಕೆ ದಾರಿಯಾಯಿತು. ಗೋಪಾಲಸ್ವಾಮಿಯವರ ಪ್ರಯತ್ನದ ನಿಜವಾದ ವಾರಸುದಾರಿಕೆ ಇದಕ್ಕೇ ಸಲ್ಲುವುದೆಂದು ನಾವು ಭಾವಿಸುತ್ತೇವೆ. ಆದರೆ ಇದರ ಪ್ರೇಷಕದ ಶಕ್ತಿಯು ಅಲ್ಪ, ವ್ಯಾಪ್ತಿಯು ಕೆಲವೇ ಮೈಲಿ. ಜಿಲ್ಲೆಯೊಂದರ ಹೊಣೆಯನ್ನು ಅದರ ಮೇಲೆ ಹೊರಿಸಿ ಭದ್ರಾವತಿಯ ಕೇಂದ್ರವನ್ನು ಸೊರಗಲು ಬಿಡುವುದು ಯುಕ್ತವಲ್ಲ.

ಒಡೆಯನು ಯಾರೆಂದು ಕೇಳುವುದರ ಜೊತೆಗೆ, ಯಾರ ಮಾತು ಯಾರಿಗೆ ತಲುಪಿತೆಂದು ಇತಿಹಾಸಕಾರನು ಕೇಳಬೇಕು. ಅದಕ್ಕೆ ಆಧಾರ ಬೇಕು. ಪ್ರಸಾರವಾದ ಮಾತು ಆ ಕ್ಷಣದಲ್ಲಿಯೇ ಆರಿಹೋಗುತ್ತದೆ. ಹಳೆಯ ಧ್ವನಿಸುರುಳಿಗಳು, ಕಾರ್ಯಕ್ರಮಗಳ ದಾಖಲೆಗಳು, ಶ್ರೋತೃಗಳ ಪತ್ರಗಳು ಎಲ್ಲಿ ಉಳಿದಿದ್ದರೂ ಅವನ್ನು ಕಲೆಹಾಕಿ ಕಾಪಾಡುವುದು ನಮ್ಮ ಕಾಲೇಜುಗಳ ಅಧ್ಯಾಪಕ ವಿದ್ಯಾರ್ಥಿಗಳ ಕರ್ತವ್ಯ. ಹರಾಜು ಮುಗಿದ ಮೇಲೆ ಈ ಕೆಲಸಕ್ಕೆ ಹೊರಟರೆ, ನಷ್ಟವಾದದ್ದು ಏನೆಂದು ಹೇಳುವುದಕ್ಕೂ ನಮ್ಮಲ್ಲಿ ಸಾಕ್ಷ್ಯವಿರಲಾರದು.